ಬೆಕ್ಕಿನ ಕುತ್ತಿಗೆಗೆ ಹತ್ತು ಹನಿ ಟೀ ಟ್ರೀ ಆಯಿಲ್: ನಾನು ಮಾಡಿದ್ದನ್ನು ನೀವು ಮಾಡಬೇಡಿ

ಮನೆಯಲ್ಲಿ ಬೆಕ್ಕೋ ನಾಯಿಯೋ ಇದೆಯಾ? ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ವಯಸ್ಸಿನ ಮಗು ಇದೆಯಾ? ಜೊತೆಗೆ ಒಂದು ಟೀ ಟ್ರೀ ಆಯಿಲ್ ಬಾಟಲಿಯೂ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಕಳೆದ ಮಳೆಗಾಲದಲ್ಲಿ ನಮ್ಮ ಬೆಕ್ಕು ಚುಕ್ಕಿ ಸಾವಿನ ಬಾಗಿಲಿಗೆ ಹೋಗಿ ಬಂದಳು. ಅವಳಿಗೆ ಯಾರೂ ವಿಷ ಹಾಕಿರಲಿಲ್ಲ. ಒಳ್ಳೆಯದಾಗಲಿ ಅಂತ ನಾನೇ ನನ್ನ ಕೈಯಾರೆ ಹಚ್ಚಿದ್ದೆ.

ನಮ್ಮ ಮನೆ ಶಿವಮೊಗ್ಗದಲ್ಲಿ. ಜೂನ್‌ನಲ್ಲಿ ಮಳೆ ಹಿಡಿದರೆ ಮನೆಯೊಳಗೆ ಯಾವುದೂ ಸರಿಯಾಗಿ ಒಣಗುವುದಿಲ್ಲ. ಬೀರುವಿನಲ್ಲಿಟ್ಟ ಸೀರೆಗೆ ಮುಗ್ಗಲು ವಾಸನೆ, ಬಚ್ಚಲುಮನೆ ಮೂಲೆಯಲ್ಲಿ ಕಪ್ಪು ಬೂಷ್ಟು, ಅಡುಗೆಕಟ್ಟೆ ಮೇಲೆ ಇರುವೆ ಸಾಲು. ಫಿನೈಲ್ ಹಾಕೋಣವೆಂದರೆ ಅತ್ತೆಗೆ ಆ ವಾಸನೆಗೆ ತಲೆನೋವು ಬರುತ್ತದೆ. ಆಗ ಬೆಂಗಳೂರಿಂದ ಬಂದ ತಂಗಿ ಟೀ ಟ್ರೀ ಆಯಿಲ್‌ನ 30 ಎಂಎಲ್‌ನ ಒಂದು ಕಂದು ಬಾಟಲಿ ತಂದುಕೊಟ್ಟಳು. "ಅಕ್ಕಾ, ನೆಲ ಒರೆಸೋ ನೀರಿಗೆ ನಾಲ್ಕು ಹನಿ ಹಾಕು. ಪೂರಾ ನ್ಯಾಚುರಲ್ಲು, ಏನೂ ಆಗಲ್ಲ" ಅಂದಳು. ಬಾಟಲಿ ಮೇಲೂ ಹಾಗೇ ಇತ್ತು. ನೂರಕ್ಕೆ ನೂರು ಶುದ್ಧ, ಸಹಜ.

ಮೊದಲ ಎರಡು ವಾರ ನನಗೆ ತುಂಬಾ ಖುಷಿಯಾಯಿತು. ಮನೆಗೆಲ್ಲ ಆಸ್ಪತ್ರೆಯಂಥ ಸ್ವಚ್ಛ ವಾಸನೆ. ಬೀರುವಿನ ಮುಗ್ಗಲು ಕಡಿಮೆಯಾಯಿತು. ಇರುವೆಗಳು ಎರಡು ದಿನ ಮಾಯವಾಗಿ ಮೂರನೇ ದಿನ ಪಕ್ಕದ ಸಂದಿಯಿಂದ ಬಂದವು, ಆದರೆ ಆ ಎರಡು ದಿನವೇ ನನಗೆ ಸಾಕಾಗಿತ್ತು. ನಾಲ್ಕು ಹನಿ ಹಾಕುತ್ತಿದ್ದವಳು ಇಪ್ಪತ್ತು ಹಾಕತೊಡಗಿದೆ. ಮೊಡವೆಗೆ ಹಚ್ಚಿಕೊಂಡೆ, ಕಾಲೊರಸಿಗೆ ಚಿಮುಕಿಸಿದೆ. ಒಂದು ಕಡೆ ಒಳ್ಳೆಯದು ಮಾಡಿದ್ದು ಎಲ್ಲ ಕಡೆಯೂ ಒಳ್ಳೆಯದೇ ಮಾಡುತ್ತದೆ ಅಂತ ನಂಬಿಕೆ ಬಂದುಬಿಟ್ಟಿತ್ತು.

ಚುಕ್ಕಿಗೆ ಮೂರು ವರ್ಷ. ತೂಕ ಮೂರು ಕಿಲೋ ಇರಬಹುದು. ಬೂದುಬಣ್ಣದ ಮೈ, ಹಣೆಯಲ್ಲಿ ಬಿಳಿ ಬೊಟ್ಟು. ಆ ವಾರ ಬಿಡದೆ ಕುತ್ತಿಗೆ ಕೆರೆದುಕೊಳ್ಳುತ್ತಿದ್ದಳು. ಬಾಚಣಿಗೆಯಲ್ಲಿ ಬಾಚಿದರೆ ಕಪ್ಪು ಪುಡಿ ಉದುರಿತು. ಒದ್ದೆ ಹತ್ತಿಯ ಮೇಲೆ ಆ ಪುಡಿ ಇಟ್ಟೆ. ಸುತ್ತ ಕೆಂಪಗೆ ಹರಡಿತು. ಚಿಗಟದ ಹಿಕ್ಕೆ ಅದು, ಅಂದರೆ ಕುಡಿದ ರಕ್ತ. ಮೊಬೈಲಿನಲ್ಲಿ ಹುಡುಕಿದೆ. ಒಬ್ಬರು ನಾಯಿಗೆ ಟೀ ಟ್ರೀ ಆಯಿಲ್ ಹಚ್ಚುವ ವಿಡಿಯೋ ಸಿಕ್ಕಿತು. ಅವರು ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿದ್ದರು. ನಾನು ಅದನ್ನೂ ಮಾಡಲಿಲ್ಲ. ಸಂಜೆ ಐದೂವರೆಗೆ ಅವಳನ್ನು ತೊಡೆ ಮೇಲೆ ಕೂರಿಸಿಕೊಂಡು, ಕುತ್ತಿಗೆಯಿಂದ ಬಾಲದ ಬುಡದ ತನಕ ಹತ್ತೋ ಹನ್ನೆರಡೋ ಹನಿ ನೇರವಾಗಿ ಹಾಕಿ ಬೆರಳಲ್ಲಿ ಉಜ್ಜಿದೆ. ಅವಳು ಕೊಸರಾಡಿದಳು. "ಸುಮ್ನಿರೇ, ನಿಂಗೇ ಒಳ್ಳೇದು" ಅಂದೆ. ಬಿಟ್ಟ ತಕ್ಷಣ ಕಿಟಕಿ ಮೇಲೆ ಕೂತು ಮೈಯೆಲ್ಲ ನೆಕ್ಕಿಕೊಂಡಳು.

ರಾತ್ರಿ ಊಟದ ತಟ್ಟೆ ಸದ್ದಾದರೆ ಚುಕ್ಕಿ ಎಲ್ಲಿದ್ದರೂ ಓಡಿ ಬರುತ್ತಾಳೆ. ಅವತ್ತು ಬರಲಿಲ್ಲ. ಒಂಬತ್ತು ಗಂಟೆಗೆ ಕರೆದಾಗ ಮಂಚದ ಕೆಳಗಿಂದ ಹೊರಗೆ ಬಂದಳು, ಆದರೆ ನಡೆದುಕೊಂಡು ಅಲ್ಲ. ಮುಂಗಾಲು ಮುಂದೆ ಬರುತ್ತಿತ್ತು, ಹಿಂಗಾಲು ಎರಡೂ ಕಡೆ ಜಾರುತ್ತಿತ್ತು. ಆಗಷ್ಟೇ ಹುಟ್ಟಿದ ಕರು ಎದ್ದು ನಿಲ್ಲಲು ಹೆಣಗುತ್ತದಲ್ಲ, ಹಾಗೆ. ನಮ್ಮದು ಕೆಂಪು ನೆಲ. ಅದರ ಮೇಲೆ ಎರಡು ಹೆಜ್ಜೆ ಇಟ್ಟು ಪಕ್ಕಕ್ಕೆ ಬಿದ್ದಳು. ಮತ್ತೆ ಎದ್ದಳು, ಮತ್ತೆ ಬಿದ್ದಳು. ಬಾಯಿಂದ ನೂಲಿನಂತೆ ಜೊಲ್ಲು. ಎತ್ತಿಕೊಂಡರೆ ಮೈಯೆಲ್ಲ ನಡುಗುತ್ತಿತ್ತು, ಕಿವಿ ತಣ್ಣಗಿತ್ತು. ಅತ್ತೆ ಗಾಬರಿಯಾಗಿ, "ಹಾವೇನಾದ್ರೂ ಕಚ್ಚಿರಬೇಕು ಕಣೇ, ಹಿತ್ತಲಿಗೆ ಹೋಗಿತ್ತಾ ನೋಡು" ಅಂದರು. ನನಗೂ ಹಾಗೇ ಅನ್ನಿಸಿತು. ಎಣ್ಣೆಯ ನೆನಪು ಬರಲೇ ಇಲ್ಲ. ಅದು ಔಷಧ ಅಲ್ವಾ?

ಪುಣ್ಯಕ್ಕೆ ಪಶುವೈದ್ಯರು ಫೋನ್ ಎತ್ತಿ, ಕೂಡಲೇ ಬನ್ನಿ ಅಂದರು. ಮೇಜಿನ ಮೇಲೆ ಇಟ್ಟಕೂಡಲೇ ಅವರು ಬಗ್ಗಿ ಚುಕ್ಕಿಯ ಕುತ್ತಿಗೆ ಮೂಸಿದರು.

"ಏನು ಹಚ್ಚಿದೀರಮ್ಮಾ ಇದಕ್ಕೆ?"

"ಟೀ ಟ್ರೀ ಆಯಿಲ್ ಸರ್. ಚಿಗಟಕ್ಕೆ."

"ಎಷ್ಟು ಹೊತ್ತಾಯ್ತು? ಏನಾದ್ರೂ ಬೆರೆಸಿದ್ರಾ, ಹಾಗೇ ಹಾಕಿದ್ರಾ?"

ಹಾಗೇ ಅಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಅಂಗಿ ತೋಳು ಮಡಚಿಕೊಂಡು ಉಗುರುಬೆಚ್ಚಗಿನ ನೀರು ಹಿಡಿಯಲು ಹೇಳಿದರು.

ಥರ್ಮಾಮೀಟರ್ 96 ಡಿಗ್ರಿ ತೋರಿಸಿತು. ಬೆಕ್ಕಿನ ಮೈಬಿಸಿ ಸುಮಾರು 100ರಿಂದ 102 ಡಿಗ್ರಿ ಇರಬೇಕಂತೆ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಎರಡು ಸಲ ತೊಳೆದರು. ಬರೀ ನೀರಿಗೆ ಈ ಎಣ್ಣೆ ಬಿಡುವುದಿಲ್ಲ. ತಕ್ಷಣ ಒರೆಸಿ, ಟವೆಲ್ ಸುತ್ತಿ, ಪಕ್ಕದಲ್ಲಿ ಬಿಸಿನೀರಿನ ಬಾಟಲಿ ಇಟ್ಟು, ಮುಂಗಾಲಿನ ಕೂದಲು ಬೋಳಿಸಿ ಡ್ರಿಪ್ ಹಾಕಿದರು. ಹೊಟ್ಟೆಗೆ ಹೋಗಿದ್ದನ್ನು ವಾಂತಿ ಮಾಡಿಸಬಾರದಾ ಅಂತ ಕೇಳಿದೆ. ಬೇಡವೇ ಬೇಡ ಅಂದರು. ಇಂಥ ಎಣ್ಣೆ ವಾಂತಿಯಲ್ಲಿ ಮೇಲೆ ಬರುವಾಗ ಶ್ವಾಸಕೋಶಕ್ಕೆ ಇಳಿದರೆ ಅದು ಇನ್ನೂ ದೊಡ್ಡ ಅಪಾಯ. ತೂರಾಡುವ ಪ್ರಾಣಿಯ ಬಾಯಿಗೆ ಹಾಲು, ನೀರು ಸುರಿಯುವುದೂ ತಪ್ಪು.

ಡ್ರಿಪ್ ಇಳಿಯುವ ಹೊತ್ತಿನಲ್ಲಿ ಅವರು ವಿವರಿಸಿದರು. ನಮ್ಮ ಲಿವರ್ ಇಂಥ ಪದಾರ್ಥಗಳನ್ನು ಕರಗುವ ಹಾಗೆ ಬದಲಾಯಿಸಿ ಮೂತ್ರದಲ್ಲಿ ಕಳಿಸಿಬಿಡುತ್ತದೆ. ಬೆಕ್ಕಿನ ಲಿವರ್‌ನಲ್ಲಿ ಆ ಕೆಲಸಕ್ಕೆ ಬೇಕಾದ ಒಂದು ಮುಖ್ಯ ಕಿಣ್ವ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ವಿಷ ಮೈಯಲ್ಲೇ ಉಳಿಯುತ್ತದೆ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು, ಅದಕ್ಕೂ ಇಂಥದ್ದೇ ಕಾರಣ. ನಾಯಿಗೆ ಹಾಕುವ ಪರ್ಮೆಥ್ರಿನ್ ಇರುವ ಚಿಗಟದ ಔಷಧವನ್ನೂ ಬೆಕ್ಕಿಗೆ ಹಾಕಬಾರದು. ಇದನ್ನು ತಿಳಿಯದೆ ಬೆಕ್ಕು ಕಳೆದುಕೊಂಡವರು ಬೇಕಾದಷ್ಟು ಜನ ಇದ್ದಾರಂತೆ. ಟೀ ಟ್ರೀಯಲ್ಲಿ ಇನ್ನೊಂದು ತೊಂದರೆ ಇದೆ. ಅದು ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ನೆಕ್ಕಿದಾಗ ಬಾಯಿಂದಲೂ ಹೋಗುತ್ತದೆ. ಬೆಕ್ಕು ತನ್ನ ಮೈ ನೆಕ್ಕದೆ ಇರುತ್ತದೆಯೇ?

ಮೂರು ದಿನ ಬೇಕಾಯಿತು. ಎರಡನೇ ದಿನ ಸಂಜೆ ನಡುಕ ನಿಂತಿತು. ಮೂರನೇ ದಿನ ಗೋಡೆಗೆ ಒರಗಿಕೊಂಡು ನಡೆದಳು. ಆ ಮೂರು ರಾತ್ರಿ ನಾನು ಅವಳ ಪಕ್ಕದಲ್ಲೇ ಚಾಪೆ ಹಾಕಿಕೊಂಡಿದ್ದೆ. ಉಸಿರಾಡುತ್ತಿದ್ದಾಳಾ ಅಂತ ಗಂಟೆಗೊಮ್ಮೆ ಹೊಟ್ಟೆ ಮೇಲೆ ಕೈಯಿಟ್ಟು ನೋಡುತ್ತಿದ್ದೆ.

ಆ ರಾತ್ರಿಗಳಲ್ಲಿ ಓದಿದ ಒಂದು ವಿಷಯ ನನ್ನನ್ನು ಬಹಳ ಕಾಡಿತು. ಅಮೆರಿಕದ ಪಶುವೈದ್ಯರು 2002ರಿಂದ 2012ರ ತನಕ ದಾಖಲಾದ ಇಂಥ 443 ಪ್ರಕರಣ ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ್ದಾರೆ. 337 ನಾಯಿ, 106 ಬೆಕ್ಕು. ಎಲ್ಲವೂ ಬೆರೆಸದ ನೂರು ಶೇಕಡಾ ಎಣ್ಣೆ. ಹೆಚ್ಚಿನ ಕಡೆ ಸಾಕಿದವರೇ ಬೇಕೆಂದು ಹಾಕಿದ್ದರು, ಚಿಗಟಕ್ಕೋ ಚರ್ಮದ ತೊಂದರೆಗೋ. ಎರಡರಿಂದ ಹನ್ನೆರಡು ಗಂಟೆಯೊಳಗೆ ಜೊಲ್ಲು, ತೂರಾಟ, ನಡುಕ, ನಿಶ್ಶಕ್ತಿ. ಕೆಲವಕ್ಕೆ 72 ಗಂಟೆ ತನಕ. ಚುಕ್ಕಿಗೆ ಆಗಿದ್ದೆಲ್ಲ ಅಲ್ಲಿ ಬರೆದಿತ್ತು.

ಹೆಸರಿನಲ್ಲಿ ಟೀ ಇದೆ ಅಂತ ಇದನ್ನು ಚಹಾದ ಎಣ್ಣೆ ಅಂದುಕೊಂಡವರಿದ್ದಾರೆ. ಚಹಾ ಗಿಡಕ್ಕೂ ಇದಕ್ಕೂ ಸಂಬಂಧ ಇಲ್ಲ. ಇದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಕಡೆಯ ಮರ, ನಮ್ಮ ನೀಲಗಿರಿ, ಲವಂಗ, ನೇರಳೆಯ ಕುಟುಂಬದ್ದು. ಅಲ್ಲಿನ ಬುಂಡ್ಜಲಂಗ್ ಮೂಲನಿವಾಸಿಗಳು ಎಲೆ ಜಜ್ಜಿ ಗಾಯಕ್ಕೆ ಹಾಕುತ್ತಿದ್ದರು. 1920ರ ದಶಕದಲ್ಲಿ ಆರ್ಥರ್ ಪೆನ್‌ಫೋಲ್ಡ್ ಎಂಬ ರಸಾಯನಶಾಸ್ತ್ರಜ್ಞ ಈ ಎಣ್ಣೆಗೆ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಶಕ್ತಿ ಇದೆ ಎಂದು ತೋರಿಸಿದ. ಗುಣ ನಿಜ, ನಾನು ಅಲ್ಲಗಳೆಯುವುದಿಲ್ಲ. ಆದರೆ ಜಜ್ಜಿದ ಎಲೆ ಬೇರೆ, ಬಟ್ಟಿ ಇಳಿಸಿದ ಎಣ್ಣೆ ಬೇರೆ. ನೂರು ಕಿಲೋ ಸೊಪ್ಪಿನಿಂದ ಒಂದೆರಡು ಕಿಲೋ ಎಣ್ಣೆ ಬರುತ್ತದೆ ಅಷ್ಟೆ. ನನ್ನ ಕಿರುಬೆರಳುದ್ದದ ಬಾಟಲಿಯೊಳಗೆ ಒಂದೂವರೆಯಿಂದ ಮೂರು ಕಿಲೋ ಸೊಪ್ಪಿನ ಸಾರ ಕೂತಿತ್ತು. ಸಂಶೋಧಕರು ಮೊಡವೆಗೆ ಪರೀಕ್ಷಿಸಿ ನೋಡಿದ ಜೆಲ್‌ನಲ್ಲಿ ಇದು ಇದ್ದದ್ದು ನೂರಕ್ಕೆ 5 ಭಾಗ. ನಾನು ಚುಕ್ಕಿಗೆ ಹಾಕಿದ್ದು ಅದರ ಇಪ್ಪತ್ತು ಪಟ್ಟು ಗಟ್ಟಿ.

ಮಕ್ಕಳ ವಿಷಯ ಓದಿದಾಗ ಕೈಕಾಲು ತಣ್ಣಗಾಯಿತು. ಎರಡು ವರ್ಷ ತುಂಬದ ಒಂದು ಮಗು 10 ಎಂಎಲ್‌ಗಿಂತ ಕಡಿಮೆ ಕುಡಿದು ಅರ್ಧ ಗಂಟೆಯಲ್ಲಿ ನಡೆಯಲಾಗದೆ, ಮಂಕಾಗಿ ಆಸ್ಪತ್ರೆ ಸೇರಿದ್ದು ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಎರಡು ಟೀ ಚಮಚಕ್ಕಿಂತ ಕಡಿಮೆ! ನನ್ನ ಬಾಟಲಿ ಎಲ್ಲಿತ್ತು ಗೊತ್ತಾ? ನೆಲ ಒರೆಸುವ ಬಕೆಟ್ ಪಕ್ಕ, ಮೊಣಕಾಲೆತ್ತರದ ಗೂಡಿನಲ್ಲಿ. ಮುಚ್ಚಳ ನಾಲ್ಕು ವರ್ಷದ ನನ್ನ ಮಗನೂ ತೆಗೆಯಬಹುದಾದಂಥದ್ದು. ಅವನು ತೆಗೆಯಲಿಲ್ಲ, ಅಷ್ಟೆ. ನೀಲಗಿರಿ ಎಣ್ಣೆ, ಕರ್ಪೂರಕ್ಕೂ ಇದೇ ಮಾತು. ನೆಗಡಿಗೆ ಅಂತ ಎಲ್ಲರ ಮನೆಯಲ್ಲೂ ಇರುತ್ತವೆ. ಮಗುವಿನ ಹೊಟ್ಟೆಗೆ ಹೋದರೆ ಫಿಟ್ಸ್ ಬರುವ ಅಪಾಯವಿದೆ. ದೇವರಮನೆಯ ಕರ್ಪೂರದ ಡಬ್ಬಿಯನ್ನೂ ಈಗ ಮೇಲೆ ಇಟ್ಟಿದ್ದೇನೆ.

ನೆಲ ಒರೆಸುವುದೂ ನಾನು ತಿಳಿದಷ್ಟು ನಿರುಪದ್ರವಿ ಅಲ್ಲ. ಒಂದು ಸಲ ಬಕೆಟ್ಟಿಗೆ ಹಾಕಿ ಬಗ್ಗಿ ನೋಡಿ. ಎಣ್ಣೆ ನೀರಲ್ಲಿ ಬೆರೆಯುವುದಿಲ್ಲ, ಮೇಲೆ ಕಣ್ಣುಕಣ್ಣಾಗಿ ತೇಲುತ್ತದೆ. ಒರೆಸಿದಾಗ ಒಂದು ಕಡೆ ಏನೂ ಇಲ್ಲ, ಇನ್ನೊಂದು ಕಡೆ ಗಟ್ಟಿ ಹನಿ. ಬೆಕ್ಕು ಅದರ ಮೇಲೆ ನಡೆದು ಪಾದ ನೆಕ್ಕಿಕೊಳ್ಳುತ್ತದೆ. ಅಂಬೆಗಾಲಿಡುವ ಮಗುವಿನ ಅಂಗೈಯೂ ಅದೇ ನೆಲದ ಮೇಲೆ. ಬೆಕ್ಕಿರುವ ಮನೆಯಲ್ಲಿ ಡಿಫ್ಯೂಸರ್, ಅಂದರೆ ಎಣ್ಣೆಯ ವಾಸನೆಯನ್ನು ಗಾಳಿಗೆ ಹರಡುವ ಯಂತ್ರ ಕೂಡ ಬೇಡ ಅಂದರು ಡಾಕ್ಟರು. ಗಾಳಿಯಲ್ಲಿನ ಸಣ್ಣ ಹನಿ ಕೂದಲ ಮೇಲೆ ಕೂರುತ್ತದೆ, ಆಮೇಲೆ ಹೊಟ್ಟೆಗೆ.

ಇನ್ನೆರಡು ಸಣ್ಣ ವಿಷಯ. ತೆರೆದು ಬಹಳ ದಿನವಾದ ಎಣ್ಣೆ ಗಾಳಿ, ಬೆಳಕಿಗೆ ಕೆಟ್ಟು, ಅಲರ್ಜಿ ಜಾಸ್ತಿ ಮಾಡುತ್ತದೆ. ನನ್ನ ಬೆರಳ ಸಂದಿಯ ತುರಿ ಬರೀ ನೀರಿನ ಕೆಲಸದ್ದಲ್ಲ ಅಂತ ಚರ್ಮದ ಡಾಕ್ಟರು ಹೇಳಿದ ಮೇಲೇ ತಿಳಿದಿದ್ದು. ಮತ್ತೆ, ಇದು ಬೇಗ ಬೆಂಕಿ ಹಿಡಿಯುವ ಎಣ್ಣೆ. ದೀಪ, ಒಲೆ ಹತ್ತಿರ ಇಡಬೇಡಿ.

ಅಕಸ್ಮಾತ್ ಹೀಗಾದರೆ ಹೊತ್ತು ಕಳೆಯಬೇಡಿ. ಪ್ರಾಣಿಯ ಮೈಮೇಲೆ ಬಿದ್ದಿದ್ದರೆ ಮೊದಲು ನೆಕ್ಕದ ಹಾಗೆ ಟವೆಲ್ ಸುತ್ತಿ ಪಶುವೈದ್ಯರಿಗೆ ಫೋನ್ ಮಾಡಿ. ಎಚ್ಚರವಾಗಿದ್ದು ನೆಟ್ಟಗೆ ನಿಂತಿದ್ದರೆ ಬೆಚ್ಚಗಿನ ನೀರು, ಪಾತ್ರೆ ಸೋಪಿನಲ್ಲಿ ತೊಳೆದು ಚೆನ್ನಾಗಿ ಒರೆಸಿ ಕರೆದೊಯ್ಯಿರಿ. ಮಗು ಕುಡಿದಿದ್ದರೆ ವಾಂತಿ ಮಾಡಿಸಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಎರಡೂ ಕಡೆ ಬಾಟಲಿ ಜೊತೆಯಲ್ಲಿರಲಿ. ಮುಖ್ಯವಾಗಿ, ಏನು ಹಚ್ಚಿದಿರಿ ಅನ್ನುವುದನ್ನು ನಾಚಿಕೆಪಟ್ಟು ಮುಚ್ಚಿಡಬೇಡಿ. ನಮ್ಮ ಡಾಕ್ಟರು ಮೂಸಿ ನೋಡದಿದ್ದರೆ ನಾವು ಹಾವಿನ ಕಡಿತ ಅಂತಲೇ ಹೇಳುತ್ತಿದ್ದೆವು.

ತಂಗಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅತ್ತುಬಿಟ್ಟಳು. ಅವಳ ತಪ್ಪೇನೂ ಇಲ್ಲ, ಅವಳಿಗೂ ಯಾರೋ ಹಾಗೇ ಹೇಳಿದ್ದರು. ಅವಳ ಎಂಟು ತಿಂಗಳ ಮಗು ಮಲಗುವ ಕೋಣೆಯಲ್ಲಿ ಇದೇ ಎಣ್ಣೆಯ ಡಿಫ್ಯೂಸರ್ ಇತ್ತು. ಮಾತಾಡುತ್ತಲೇ ಎದ್ದು ಹೋಗಿ ಪ್ಲಗ್ ಕಿತ್ತಳು.

ಚಿಗಟಕ್ಕೆ ಡಾಕ್ಟರು ಬೆಕ್ಕಿನ ತೂಕ ನೋಡಿ ಬೇರೆ ಔಷಧ ಕೊಟ್ಟರು. ಅವಳ ಹಾಸಿಗೆ ಬಟ್ಟೆಯನ್ನೆಲ್ಲ ಕುದಿನೀರಿಗೆ ಹಾಕಿಸಿದರು, ಮೊಟ್ಟೆ ಇರುವುದು ಅಲ್ಲೇ ಅಂತೆ. ಅಷ್ಟಕ್ಕೇ ಹೋಯಿತು. ಬೋಳಿಸಿದ ಕಾಲಲ್ಲಿ ಈಗ ಕೂದಲು ಪೂರ್ತಿ ಬಂದಿದೆ. ತಟ್ಟೆ ಸದ್ದಾದರೆ ಓಡಿ ಬರುತ್ತಾಳೆ. ಆದರೆ ತೊಡೆ ಮೇಲೆ ಕೂತಾಗ ನನ್ನ ಬೆರಳು ಕುತ್ತಿಗೆಯ ಹಿಂದಕ್ಕೆ ಹೋದರೆ ಇವತ್ತಿಗೂ ಇಳಿದು ದೂರ ಹೋಗಿ ಕೂರುತ್ತಾಳೆ.