ಒಡೆದ ಹಿಮ್ಮಡಿಗೆ ಬ್ಲೇಡ್ ಹಾಕಬೇಡಿ, ನಾನು ಹಾಕಿ ಅನುಭವಿಸಿದ್ದೇನೆ

ರಾತ್ರಿ ಮಲಗಿದಾಗ ಹೊದಿಕೆಯ ನೂಲು ಹಿಮ್ಮಡಿಗೆ ಸಿಕ್ಕಿ ಪರಪರ ಅನ್ನುತ್ತಿತ್ತು. ಅಷ್ಟೇ, ನೋವೇನೂ ಇರಲಿಲ್ಲ. ಸುಮ್ನೆ ಇರಲಾರದೆ ಒಂದು ಭಾನುವಾರ ಬಕೆಟ್ ಮುಂದಿಟ್ಟುಕೊಂಡು ಕೂತೆ.

ಬಿಸಿನೀರಲ್ಲಿ ಮುಕ್ಕಾಲು ಗಂಟೆ ಕಾಲು ನೆನೆಹಾಕಿದೆ. ಜಾಸ್ತಿ ನೆನೆದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ. ಮೊದಲ ತಪ್ಪೇ ಅದು. ಅಷ್ಟು ಹೊತ್ತು ನೆನೆದರೆ ಚರ್ಮ ಬೆಳ್ಳಗೆ ಉಬ್ಬಿಕೊಳ್ಳುತ್ತದೆ. ಸತ್ತ ಚರ್ಮ ಎಲ್ಲಿ ಮುಗಿಯಿತು, ಜೀವ ಇರುವುದು ಎಲ್ಲಿ ಶುರುವಾಯಿತು ಅನ್ನುವುದು ಕಣ್ಣಿಗೂ ತಿಳಿಯುವುದಿಲ್ಲ, ಕೈಗೂ ತಿಳಿಯುವುದಿಲ್ಲ.

ಕಾಲು ಹೆರೆಯೋಕೆ ಅಂತಲೇ ಹಿಡಿಕೆಗೆ ಬ್ಲೇಡ್ ಸಿಕ್ಕಿಸಿ ಮಾರುತ್ತಾರಲ್ಲ, ಅದನ್ನು ಎಡಗಾಲಿಗೆ ಹಚ್ಚಿದೆ. ಪೆನ್ಸಿಲ್ ಕೆತ್ತಿದ ಹಾಗೆ ಚರ್ಮ ಸುರುಳಿ ಸುರುಳಿಯಾಗಿ ಪೇಪರ್ ಮೇಲೆ ಬೀಳುತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅದರಲ್ಲೊಂದು ಖುಷಿ ಇದೆ. ಆ ಖುಷಿಗೇ ಕೈ ನಿಲ್ಲಲಿಲ್ಲ. ಬಿರುಕಿನ ಅಂಚು ಸ್ವಲ್ಪ ಎದ್ದು ನಿಂತಿತ್ತು, ಅದನ್ನೂ ಬೆರಳಲ್ಲಿ ಹಿಡಿದು ಎಳೆದೆ. ಎದ್ದು ನಡೆದರೆ ನೆಲದ ಮೇಲೆ ಒದ್ದೆ ಹೆಜ್ಜೆ, ಪ್ರತಿ ಎಡ ಹೆಜ್ಜೆಯ ಹಿಂದೆ ಒಂದು ಕೆಂಪು ಗೀರು. ಯಾರೋ ಹೇಳಿದ್ದರು ಅಂತ ಅದರ ಮೇಲೆ ನಿಂಬೆರಸ ಬೇರೆ ತಿಕ್ಕಿದೆ. ಪ್ರಾಣ ಹೋಗಿ ಬಂತು. ಬಲಗಾಲು ಮುಟ್ಟುವ ಧೈರ್ಯ ಆಗಲಿಲ್ಲ.

ಮೂರನೇ ದಿನ ಹಿಮ್ಮಡಿ ಊದಿ, ಮುಟ್ಟಿದರೆ ಸುಡುತ್ತಿತ್ತು. ಕೆಂಪು ಬಣ್ಣ ಕಾಲಿನ ಗಂಟಿನವರೆಗೂ ಹತ್ತಿತ್ತು, ಸಂಜೆಗೆ ಜ್ವರ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಸಕ್ಕರೆ ಕಾಯಿಲೆ ಇದೆಯಾ?" ನನಗಿಲ್ಲ. ಇದ್ದವರಿಗೆ ಕಾಲಿನ ಸ್ಪರ್ಶವೇ ಕಡಿಮೆಯಾಗಿರಬಹುದು, ಕುಯ್ದುಕೊಂಡದ್ದು ಗೊತ್ತೇ ಆಗದೆ ಹುಣ್ಣಾಗಬಹುದು, ಅದು ಬೇಗ ಮಾಯುವುದೂ ಇಲ್ಲ. ಅಂಥವರು ಕಾಲಿಗೆ ಬ್ಲೇಡ್ ಮಾತ್ರ ಅಲ್ಲ, ಚರ್ಮ ಸುಲಿಯುವ ಆಸಿಡ್ ಪಟ್ಟಿಯನ್ನೂ ತಾವಾಗಿ ಹಚ್ಚಬಾರದು. ನನಗೆ ಟಿಟಿ ಇಂಜೆಕ್ಷನ್, 7 ದಿನ ಆಂಟಿಬಯಾಟಿಕ್.

ನಾನು ಶತ್ರು ಅಂದುಕೊಂಡದ್ದು ದಪ್ಪ ಚರ್ಮವನ್ನು. ನಿಜವಾದ ತೊಂದರೆ ಒಣಗಿದ್ದು. ಅಂಗಾಲಲ್ಲಿ ಎಣ್ಣೆ ಗ್ರಂಥಿಗಳೇ ಇಲ್ಲವಂತೆ. ಹಿಮ್ಮಡಿ ಒಳಗೆ ಕೊಬ್ಬಿನ ಮೆತ್ತೆ ಇದೆ, ನಿಂತಾಗ ಅದು ಪಕ್ಕಕ್ಕೆ ಹರಡುತ್ತದೆ. ಸುತ್ತಲಿನ ಚರ್ಮ ಒಣಗಿ ಗಟ್ಟಿಯಾಗಿದ್ದರೆ ಜೊತೆಗೆ ಹಿಗ್ಗುವುದಿಲ್ಲ, ಸೀಳುತ್ತದೆ. ಹಿಂಬದಿ ತೆರೆದ ಚಪ್ಪಲಿಯಲ್ಲಿ ಇದು ಇನ್ನೂ ಜಾಸ್ತಿ, ಹಿಡಿದಿಡಲು ಏನೂ ಇರುವುದಿಲ್ಲ ಅಲ್ವಾ. ಹೆರೆದು ಹಾಕಿದರೂ, ಭಾರ ಮತ್ತು ಉಜ್ಜಾಟ ಇರುವ ಕಡೆ ಚರ್ಮ ಮತ್ತೆ ದಪ್ಪಗೆ ಬೆಳೆಯುತ್ತದೆ.

ಈಗ ಮಾಡುವುದು ಇಷ್ಟೇ. ಉಗುರುಬೆಚ್ಚಗಿನ ನೀರಲ್ಲಿ 10 ನಿಮಿಷ, ಒತ್ತಿ ಒರೆಸಿ, ಪಸೆ ಇರುವಾಗಲೇ ಯೂರಿಯಾ ಇರುವ ಕ್ರೀಮ್. ಶೇಕಡಾ 10ರಿಂದ 25ರಷ್ಟು ಯೂರಿಯಾ ಇದ್ದರೆ ಸಾಕು. ಬಾಯಿ ಬಿಟ್ಟ ಬಿರುಕಿಗೆ ಅದು ಉರಿಯುತ್ತದೆ, ಅಲ್ಲಿಗೆ ಮುಚ್ಚುವವರೆಗೆ ಬರೀ ಪೆಟ್ರೋಲಿಯಂ ಜೆಲ್ಲಿ. ಮೇಲೆ ಹತ್ತಿಯ ಕಾಲುಚೀಲ ಹಾಕಿ ಮಲಗುವುದು. ಉಜ್ಜುವ ಕಲ್ಲು ವಾರಕ್ಕೊಮ್ಮೆ, ಅದೂ ಹಗುರವಾಗಿ. ಬೆರಳ ಸಂದಿಯಲ್ಲೂ ತುರಿಸಿ ಹೊಟ್ಟು ಏಳುತ್ತಿದ್ದರೆ ಫಂಗಸ್ ಇರಬಹುದು, ಆಗ ಈ ಕ್ರೀಮ್ ನಂಬಿ ಕೂರಬೇಡಿ.

ಎಡಗಾಲಿನ ಬಿರುಕು ಮುಚ್ಚಲು 6 ವಾರ ಹಿಡಿಯಿತು. ಬ್ಲೇಡ್ ಮುಟ್ಟದ ಬಲಗಾಲು ಬರೀ ಕ್ರೀಮಿಗೇ 3 ವಾರದಲ್ಲಿ ಮೆತ್ತಗಾಗಿತ್ತು.