ಕಾಫಿ ಪುಡಿ ವ್ಯಾಪಾರಕ್ಕೆ ಎಕ್ಸ್ ಲಿಸ್ಟ್: ಕೆಲವು ವರ್ಷ ಬಳಸಿದ ಮೇಲೆ

ಬೀಜ ಕೊಂಡು, ಹುರಿದು, ಪುಡಿ ಮಾಡಿ ಮಾರುವ ಸಣ್ಣ ವ್ಯಾಪಾರ ನಮ್ಮದು. ಚೆರಿ (ಹಣ್ಣು ಇಡಿಯಾಗಿ ಒಣಗಿಸಿದ ಕಾಫಿ), ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) 50 ಕೆಜಿ ಮೂಟೆಗೆ ಇವತ್ತು ಎಷ್ಟು ಅಂತ ತಿಳಿಯೋಕೆ ವಾಟ್ಸ್ಯಾಪ್ ಗ್ರೂಪ್ ಸಾಕು. ಆದರೆ ರೇಟು ಯಾಕೆ ಏರಿತು, ನಿಲ್ಲುತ್ತಾ ಇಳಿಯುತ್ತಾ ಅನ್ನೋದು ಅಲ್ಲಿ ಸಿಗುವುದಿಲ್ಲ. ಅದಕ್ಕೆ ನಾನು ಎಕ್ಸ್‌ನ ಲಿಸ್ಟ್ ಬಳಸುತ್ತೇನೆ, ಅದಿನ್ನೂ ಟ್ವಿಟರ್ ಆಗಿದ್ದ ಕಾಲದಿಂದ.

2009ರಿಂದಲೂ ಇರುವ ಸೌಲಭ್ಯ ಇದು. ಬೇಕಾದ ಖಾತೆಗಳನ್ನು ಒಂದು ಲಿಸ್ಟ್‌ಗೆ ಸೇರಿಸಿಟ್ಟರೆ ಅವರ ಪೋಸ್ಟ್‌ಗಳು ಬೇರೆಯಾಗಿ ಒಂದೇ ಕಡೆ ಬರುತ್ತವೆ. ಅವರನ್ನು ಫಾಲೋ ಮಾಡಲೇಬೇಕು ಅಂತಿಲ್ಲ. ಲಿಸ್ಟನ್ನು ಪ್ರೈವೇಟ್ ಮಾಡಿದರೆ ಸೇರಿಸಿದ್ದು ಅವರಿಗೂ ಗೊತ್ತಾಗುವುದಿಲ್ಲ. ಪಕ್ಕದ ಅಂಗಡಿಯ ಆಫರ್ ನೋಡಬೇಕು, ನೋಡುತ್ತಿದ್ದೇವೆ ಅಂತ ಅವರಿಗೆ ತಿಳಿಯಬಾರದು, ಅಲ್ವಾ? ಪಬ್ಲಿಕ್ ಇಟ್ಟರೆ ಅವರಿಗೆ ನೋಟಿಫಿಕೇಶನ್ ಹೋಗುತ್ತದೆ, ಹುಷಾರು.

ನನ್ನವು ನಾಲ್ಕು: ಮಳೆ, ರೇಟು, ಕಾನೂನು, ಪಕ್ಕದವರು. ಐದು ಲಿಸ್ಟ್‌ಗಳವರೆಗೆ ಮೇಲ್ಗಡೆ ಪಿನ್ ಮಾಡಬಹುದು.

ನಿಜವಾಗಿ ಕೆಲಸಕ್ಕೆ ಬರುವುದು ಮಳೆ ಲಿಸ್ಟ್. ಬ್ರೆಜಿಲ್‌ನ ಮಿನಾಸ್ ಜೆರೈಸ್ ಕಡೆಯ ಬೆಳೆಗಾರರು, ವಿಯೆಟ್ನಾಂ ವರದಿಗಾರರು, ನಮ್ಮ ಹವಾಮಾನ ಇಲಾಖೆ, ರಾಜ್ಯದ ವಿಪತ್ತು ನಿಗಾ ಕೇಂದ್ರ ಕೆಎಸ್‌ಎನ್‌ಡಿಎಂಸಿ ಎಲ್ಲ ಅದರಲ್ಲೇ. 2021ರ ಜುಲೈ 20ರಂದು ಬ್ರೆಜಿಲ್‌ನ ಕಾಫಿ ತೋಟಗಳಿಗೆ ಇಬ್ಬನಿಯೇ ಹೆಪ್ಪುಗಟ್ಟುವಂಥ ಹಿಮ ಬಿತ್ತು. ಮೊದಲು ಬಂದದ್ದು ಸಾಲುಗಳ ನಡುವೆ ಹುಲ್ಲು ಬೆಳ್ಳಗಾದ ಫೋಟೋಗಳು. ಆಮೇಲೆ ಬಂದವುಗಳಲ್ಲಿ ಗಿಡಗಳ ಎಲೆಯೆಲ್ಲ ಬೆಂಕಿ ತಗುಲಿದ ಹಾಗೆ ಕಂದು. ಪೋರ್ಚುಗೀಸ್ ಬಾರದಿದ್ದರೂ ಪರವಾಗಿಲ್ಲ, ಅನುವಾದದ ಬಟನ್ ಕೆಳಗೇ ಇರುತ್ತದೆ. ಆ ಎಲೆ ನೋಡಿದವರಿಗೆ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಕಾಫಿಯ ರೇಟು ಯಾಕೆ ಹಾರಿತು ಅಂತ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಸುಟ್ಟ ಗಿಡ ಮರುವರ್ಷವೂ ಸರಿಯಾಗಿ ಕಾಯಿ ಬಿಡುವುದಿಲ್ಲ, ಹಾಗಾಗಿ ಇದು ಬೇಗ ಇಳಿಯುವ ಏರಿಕೆಯಲ್ಲ ಅಂತಲೂ ಅಂದಾಜು ಸಿಕ್ಕಿತು. 2024ರಲ್ಲಿ ವಿಯೆಟ್ನಾಂನಲ್ಲಿ ಬರ. ಇನ್ನೊಂದು ಜಾತಿಯ ಕಾಫಿ ರೋಬಸ್ಟಾ, ಲಂಡನ್ ಮಾರುಕಟ್ಟೆಯಲ್ಲಿ ಸೆಪ್ಟೆಂಬರ್ ಹೊತ್ತಿಗೆ ಟನ್ನಿಗೆ 5,000 ಡಾಲರ್ ದಾಟಿತು. ನಮ್ಮ ಕಡೆಯ ಚೆರಿ ರೇಟೂ ಹಿಂದೆಯೇ ಹೋಯಿತು.

ರೇಟು ಲಿಸ್ಟ್‌ನಲ್ಲಿ ಗಲಾಟೆ ಜಾಸ್ತಿ. ರೋಬಸ್ಟಾ ಟನ್ನಿಗೆ ಡಾಲರ್ ಲೆಕ್ಕ, ಅರೇಬಿಕಾ ಪೌಂಡಿಗೆ ಸೆಂಟ್ ಲೆಕ್ಕ. ಯಾವ ತಿಂಗಳ ಕಾಂಟ್ರಾಕ್ಟ್ (ಮುಂದೆ ಕೊಡುವ ಮಾಲಿಗೆ ಈಗಲೇ ಮಾಡುವ ಒಪ್ಪಂದ) ಅಂತ ಹೇಳದೆ ಸುಮ್ನೆ ಸಂಖ್ಯೆ ಎಸೆಯುವವರು ಬಹಳ. "ನಾಳೆ ಗ್ಯಾರಂಟಿ ಏರುತ್ತೆ" ಅನ್ನುವವರನ್ನೂ ತೆಗೆದುಹಾಕಿದ್ದೇನೆ. ಒಂದು ಖಾತೆಯಂತೂ ಹಳೇ ಹಿಮದ ಫೋಟೋವನ್ನು ಹೊಸದು ಅಂತ ಹಾಕಿತ್ತು.

ಕಾನೂನು ಲಿಸ್ಟ್‌ನಲ್ಲಿ ಕಾಫಿ ಬೋರ್ಡ್, ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐ, ಹಣಕಾಸು ಇಲಾಖೆ ಇವೆ. ವಾರಗಟ್ಟಲೆ ಏನೂ ಇರುವುದಿಲ್ಲ. ಆದರೆ 2025ರ ಸೆಪ್ಟೆಂಬರ್‌ನಲ್ಲಿ "ಕಾಫಿಗೆ ಜಿಎಸ್‌ಟಿ ಇಳಿಯಿತು" ಅಂತ ಸುದ್ದಿ ಹರಡಿದಾಗ ಗಿರಾಕಿಗಳು ಪುಡಿ ಯಾಕೆ ಅಗ್ಗ ಆಗಲಿಲ್ಲ ಅಂತ ಕೇಳತೊಡಗಿದರು. 18ರಿಂದ 5 ಶೇಕಡಕ್ಕೆ ಇಳಿದದ್ದು ಇನ್‌ಸ್ಟಂಟ್ ಕಾಫಿಗೆ. ಬರೀ ಹುರಿದ ಕಾಫಿ ಪುಡಿ ಮೊದಲಿಂದಲೂ 5ರಲ್ಲೇ ಇತ್ತು. ಮೊಬೈಲ್‌ನಲ್ಲಿ ಜಿಎಸ್‌ಟಿ ದರದ ಮೂಲ ಪಟ್ಟಿ ತೆಗೆದು ತೋರಿಸಿದರೆ ವಾದ ಅಲ್ಲಿಗೇ ಮುಗಿಯುತ್ತಿತ್ತು.

ಕೊರತೆ ಇಲ್ಲ ಅಂತಲ್ಲ. ಲಿಸ್ಟ್ ಖಾತೆ ನೋಡುತ್ತದೆ, ವಿಷಯ ನೋಡುವುದಿಲ್ಲ. ಹವಾಮಾನದವರು ಕ್ರಿಕೆಟ್ ಬಗ್ಗೆ ಬರೆದರೂ ಅದು ಮಳೆ ಲಿಸ್ಟ್‌ಗೇ ಬರುತ್ತದೆ. ಒಂದು ಲಿಸ್ಟ್‌ಗೆ 5,000 ಖಾತೆ ಹಾಕಬಹುದಂತೆ, ಯಾರಿಗೆ ಬೇಕು? ಮೂವತ್ತು ದಾಟಿದರೆ ಓದೋಕಾಗುವುದಿಲ್ಲ. ಲಿಸ್ಟ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಟ್ವೀಟ್‌ಡೆಕ್ 2023ರಿಂದ ದುಡ್ಡು ಕೊಟ್ಟವರಿಗೆ ಮಾತ್ರ. ನಮ್ಮಂಥವರಿಗೆ ಅದು ಬೇಕಿಲ್ಲ, ಪಿನ್ ಸಾಕು.

ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಪುಡಿಗೆ ಬೆರೆಸುವ ಚಿಕೋರಿಯ ವಿಷಯದಲ್ಲಿ ಮಾತ್ರ ಇದರಿಂದ ಏನೂ ಪ್ರಯೋಜನವಾಗಿಲ್ಲ. ಗುಜರಾತಿನ ಜಾಮ್‌ನಗರದ ಕಡೆ ಬೆಳೆ ಹೇಗಿದೆ ಅಂತ ಈಗಲೂ ಬ್ರೋಕರ್‌ಗೆ ಫೋನ್ ಮಾಡಿಯೇ ಕೇಳುತ್ತೇನೆ.