ಮೇಲೇರಲಿ ಅಂತ ಹಾಕಿದ ಪ್ರೊಪೆಲ್ಲರ್, ಇಳಿಯುವಾಗ ಮನಸ್ಸು ಗೆದ್ದಿತು

ನನ್ನ ವಿಮಾನ ಬೇಗ ಮೇಲೇರಲಿ ಅಂತ ಕಾನ್‌ಸ್ಟಂಟ್ ಸ್ಪೀಡ್ ಪ್ರೊಪೆಲ್ಲರ್ ಹಾಕಿದೆ. ಅಂದರೆ ಹಾರುತ್ತಿರುವಾಗಲೇ ಬ್ಲೇಡ್‌ಗಳ ಕೋನ (ಪಿಚ್) ತಾನೇ ಬದಲಾಗಿ ಎಂಜಿನ್ ವೇಗವನ್ನು ಒಂದೇ ಮಟ್ಟದಲ್ಲಿ ಇಡುವಂಥದ್ದು. ಮೇಲೇರುವುದು ಚೆನ್ನಾಗಿಯೇ ಇದೆ. ಆದರೆ ಕೆಲವು ವರ್ಷ ಹಾರಿಸಿದ ಮೇಲೂ ಪ್ರತಿ ಸಲ ಖುಷಿ ಕೊಡುವುದು ಅದು ವೇಗ ಕಳೆದುಕೊಳ್ಳುವ ರೀತಿ. ಇದನ್ನು ಮೊದಲೇ ಯಾರೂ ಒತ್ತಿ ಹೇಳಿರಲಿಲ್ಲ, ಎಲ್ಲರೂ ಟೇಕಾಫ್ ಬಗ್ಗೆಯೇ ಮಾತಾಡುತ್ತಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಗ್ಯಾರೇಜಿನಲ್ಲಿ ಕಿಟ್‌ನಿಂದ ನಾನೇ ಕಟ್ಟಿದ ಆರ್‌ವಿ-7ಎ. ಇರುವುದು ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಲ್ಲಿ. ಎಂಜಿನ್ ಲೈಕಮಿಂಗ್ ಓ-360. ಕಟ್ಟುವಾಗ ಕೈಯಲ್ಲಿದ್ದ ದುಡ್ಡೆಲ್ಲ ಎಂಜಿನ್‌ಗೇ ಹೋಯಿತು, ಹಾಗಾಗಿ ಬ್ಲೇಡ್ ಕೋನ ಬದಲಾಗದ ಫಿಕ್ಸೆಡ್ ಪಿಚ್ ಮೆಟಲ್ ಪ್ರೊಪೆಲ್ಲರ್ ಹಾಕಿ ಹಾರಲು ಶುರು ಮಾಡಿದೆ. ಈಗಿನದು ಎರಡು ಬ್ಲೇಡಿನ ಅಲ್ಯುಮಿನಿಯಂ ಪ್ರೊಪೆಲ್ಲರ್. ಯಾವ ಕಂಪನಿಯದು ಅನ್ನುವುದು ಇಲ್ಲಿ ಮುಖ್ಯ ಅಲ್ಲ, ಈ ಬದಲಾವಣೆಯ ಬಗ್ಗೆಯೇ ನಾನು ಹೇಳಬೇಕಾಗಿರುವುದು.

ಮೊದಲು ಟೇಕಾಫ್ ವಿಷಯ ಮುಗಿಸಿಬಿಡುತ್ತೇನೆ. ಈ ಎಂಜಿನ್ 180 ಎಚ್‌ಪಿ ಕೊಡುವುದು ನಿಮಿಷಕ್ಕೆ 2700 ಸುತ್ತು, ಅಂದರೆ 2700 ಆರ್‌ಪಿಎಂನಲ್ಲಿ. ದೂರದ ಪ್ರಯಾಣಕ್ಕೆ ಹೊಂದುವಂತೆ ಪಿಚ್ ಇಟ್ಟಿದ್ದ ಹಳೆ ಪ್ರೊಪೆಲ್ಲರ್‌ನಲ್ಲಿ, ನೆಲದ ಮೇಲೆ ಥ್ರಾಟಲ್ ಪೂರ್ತಿ ಒತ್ತಿದರೂ 2250ರ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಅಂದರೆ ದುಡ್ಡು ಕೊಟ್ಟು ತಂದ ಶಕ್ತಿ ಬೇಕಾದ ಹೊತ್ತಿಗೆ ಸಿಗುತ್ತಲೇ ಇರಲಿಲ್ಲ. ಆಗುಂಬೆ ಘಾಟಿಯನ್ನು ನಾಲ್ಕನೇ ಗೇರಿನಲ್ಲೇ ಹತ್ತಿದ ಹಾಗೆ. ಈಗ ಥ್ರಾಟಲ್ ಒತ್ತಿದರೆ ರನ್‌ವೇ ಮೇಲೆ ಓಡುತ್ತಿರುವಾಗಲೇ 2700 ಬಂದುಬಿಡುತ್ತದೆ. ಬೇಸಿಗೆಯಲ್ಲಿ ಬೆಟ್ಟದ ಊರು ಟ್ರಕಿಗೆ ಹೋದರೆ ಇದರ ಬೆಲೆ ಗೊತ್ತಾಗುತ್ತದೆ. ಆ ಏರ್‌ಪೋರ್ಟ್ ಇರುವುದೇ ಸುಮಾರು 5,900 ಅಡಿ ಎತ್ತರದಲ್ಲಿ. ಮಧ್ಯಾಹ್ನದ ಬಿಸಿಲಿಗೆ ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ತೆಳುವಾದ ಗಾಳಿಯಲ್ಲಿ ವಿಮಾನಕ್ಕೆ ಅನ್ನಿಸುವ ಎತ್ತರ, 8,000 ಅಡಿ ದಾಟುತ್ತದೆ. ಮೊದಲು ಅಲ್ಲಿಂದ ಇಬ್ಬರು ವಾಪಸ್ ಹೊರಡಬೇಕಾದರೆ ಬೆಳಗಿನ ತಂಪಿಗೇ ಎದ್ದು ಓಡುತ್ತಿದ್ದೆವು. ಈಗ ಊಟ ಮಾಡಿ ಹೊರಡಬಹುದು.

ಸರಿ, ನನಗೆ ಇಷ್ಟವಾದ ಭಾಗಕ್ಕೆ ಬರುತ್ತೇನೆ.

ಆರ್‌ವಿ ಬಹಳ ನುಣುಪಾದ ವಿಮಾನ. ಮೂಗು ಸ್ವಲ್ಪ ಕೆಳಗೆ ಮಾಡಿದರೆ ಸಾಕು, ವೇಗ ಏರುತ್ತದೆ. ಇಳಿಸುವುದೇ ಕಷ್ಟ. ಸೆಂಟ್ರಲ್ ವ್ಯಾಲಿ ಕಡೆಯಿಂದ ಆಲ್ಟಮಾಂಟ್ ಬೆಟ್ಟದ ಗಾಳಿಯಂತ್ರಗಳ ಮೇಲೆ ಹಾದು ಬಂದರೆ ಲಿವರ್‌ಮೋರ್ ಕಣ್ಣೆದುರಿಗೇ ಇರುತ್ತದೆ. ಎತ್ತರವನ್ನೂ ಕಳೆಯಬೇಕು, ವೇಗವನ್ನೂ ಕಳೆಯಬೇಕು. ರೆಕ್ಕೆಯ ಹಿಂದಿನ ಫ್ಲಾಪ್ ಪೂರ್ತಿ ಇಳಿಸಬೇಕಾದರೆ ವೇಗ ಗಂಟೆಗೆ 100 ಮೈಲಿಗಿಂತ ಕೆಳಗೆ ಬರಬೇಕು. ಹಳೆ ಪ್ರೊಪೆಲ್ಲರ್‌ನಲ್ಲಿ ಥ್ರಾಟಲ್ ಪೂರ್ತಿ ಎಳೆದರೂ ವಿಮಾನ ತೇಲಿಕೊಂಡು ಹೋಗುತ್ತಲೇ ಇರುತ್ತಿತ್ತು, ಬೆಟ್ಟದ ಆಚೆಯಿಂದಲೇ ಲೆಕ್ಕ ಹಾಕಿಕೊಂಡು ಬರಬೇಕಿತ್ತು, ಮುಂದೆ ನಿಧಾನದ ಟ್ರೈನಿಂಗ್ ವಿಮಾನ ಇದ್ದರಂತೂ ಬಳಸಿ ಸುತ್ತುವುದು ಬಿಟ್ಟು ಬೇರೆ ದಾರಿಯೇ ಇರುತ್ತಿರಲಿಲ್ಲ.

ಈಗ ಥ್ರಾಟಲ್ ಹಿಂದಕ್ಕೆ, ಪ್ರೊಪೆಲ್ಲರ್‌ನ ನೀಲಿ ನಾಬ್ ಮುಂದಕ್ಕೆ. ಬ್ಲೇಡ್‌ಗಳು ಚಪ್ಪಟೆಯಾಗಿ ಎದುರಿನ ಗಾಳಿಗೆ ಅಗಲವಾಗಿ ನಿಲ್ಲುತ್ತವೆ. ಗಾಳಿಯೇ ಎಂಜಿನ್ನನ್ನು ತಿರುಗಿಸುತ್ತಾ ಶಕ್ತಿ ಕಳೆದುಕೊಳ್ಳುತ್ತದೆ. ಮೈ ಮುಂದಕ್ಕೆ ವಾಲಿ ಸೀಟ್ ಬೆಲ್ಟ್ ಭುಜಕ್ಕೆ ಒತ್ತುವುದು ಗೊತ್ತಾಗುತ್ತದೆ! ಟವರ್‌ನವರು ಹತ್ತಿರದಿಂದಲೇ ತಿರುಗಿಸಿ ಇಳಿಸಿ ಅಂದರೆ ಧೈರ್ಯವಾಗಿ ಆಗಲಿ ಅನ್ನುತ್ತೇನೆ. ಸಣ್ಣ ರನ್‌ವೇಗಳಲ್ಲಿ ನನಗೆ ಬೇಕಾದ ಜಾಗದಲ್ಲೇ ಚಕ್ರ ತಾಗುತ್ತದೆ. ಇದೊಂದಕ್ಕೇ ನಾನು ಆ ದುಡ್ಡು ಮತ್ತೆ ಕೊಡುತ್ತೇನೆ.

ಆದರೆ ಒಂದು ಎಚ್ಚರಿಕೆ. ಎಂಜಿನ್ ನಿಂತರೆ ಇದೇ ಬ್ರೇಕ್ ನಿಮಗೆ ಎದುರಾಗುತ್ತದೆ. ಮೊದಲಿನಷ್ಟು ದೂರ ತೇಲುವುದಿಲ್ಲ. ಆಯಿಲ್ ಪ್ರೆಶರ್ ಇನ್ನೂ ಇದ್ದರೆ ನೀಲಿ ನಾಬ್ ಪೂರ್ತಿ ಹಿಂದಕ್ಕೆ ಎಳೆಯಬೇಕು, ಆಗ ಬ್ಲೇಡ್ ಕೋನ ಹೆಚ್ಚಾಗಿ ವಿಮಾನ ಮತ್ತೆ ಜಾರತೊಡಗುತ್ತದೆ. ಎತ್ತರದಲ್ಲಿ ಥ್ರಾಟಲ್ ಮುಚ್ಚಿ ಇದನ್ನು ಮಾಡಿ ನೋಡಿ, ವ್ಯತ್ಯಾಸ ಬೆನ್ನಿಗೇ ಗೊತ್ತಾಗುತ್ತದೆ.

ನೀಲಿ ನಾಬ್ ಪಿಚ್ ಬದಲಿಸುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ನಾವು ಅದರಿಂದ ಹೇಳುವುದು ಇಷ್ಟು ಆರ್‌ಪಿಎಂ ಬೇಕು ಅಂತ ಮಾತ್ರ. ಉಳಿದದ್ದು ಗವರ್ನರ್ ಕೆಲಸ. ಅದರೊಳಗೆ ತಿರುಗುವ ಪುಟ್ಟ ತೂಕಗಳು ಮತ್ತು ಒಂದು ಸ್ಪ್ರಿಂಗ್ ಇರುತ್ತವೆ. ವೇಗ ಹೆಚ್ಚಾದರೆ ತೂಕಗಳು ಹೊರಗೆ ಹರಡಿ ವಾಲ್ವ್ ಎತ್ತುತ್ತವೆ, ಎಂಜಿನ್ ಆಯಿಲ್ ಜೋರು ಒತ್ತಡದಲ್ಲಿ ಟೊಳ್ಳು ಕ್ರ್ಯಾಂಕ್‌ಶಾಫ್ಟ್ ಮೂಲಕ ಬ್ಲೇಡ್‌ಗಳನ್ನು ಹಿಡಿದಿರುವ ನಡುವಿನ ಹಬ್ ಒಳಗೆ ಹೋಗುತ್ತದೆ, ಬ್ಲೇಡ್ ಕೋನ ಹೆಚ್ಚಾಗಿ ವೇಗ ಮತ್ತೆ ಕೆಳಗಿಳಿಯುತ್ತದೆ. ನನ್ನ ಬಗೆಯ ಹಬ್‌ನಲ್ಲಿ ಆಯಿಲ್ ಹೋಯಿತು ಅಂದರೆ ಬ್ಲೇಡ್ ತಾನಾಗಿ ಚಪ್ಪಟೆ ಕಡೆಗೆ ಬರುತ್ತದೆ.

ಬೆಳಿಗ್ಗೆ ಹಾರುವ ಮೊದಲು ಎಂಜಿನ್ ಪರೀಕ್ಷಿಸುವ ರನ್‌ಅಪ್ ಈಗ ನನಗೆ ಪ್ರೀತಿಯ ಕೆಲಸ. 1700 ಆರ್‌ಪಿಎಂಗೆ ತಂದು ನೀಲಿ ನಾಬ್ ಹಿಂದಕ್ಕೆ ಎಳೆಯುತ್ತೇನೆ. ಎಂಜಿನ್ ದನಿ ಗಡುಸಾಗುತ್ತದೆ, ಆರ್‌ಪಿಎಂ ಇಳಿಯುತ್ತದೆ, ಮ್ಯಾನಿಫೋಲ್ಡ್ ಪ್ರೆಶರ್ (ಎಂಜಿನ್ ಒಳಸೇರುವ ಗಾಳಿಯ ಒತ್ತಡ) ಏರುತ್ತದೆ, ಆಯಿಲ್ ಪ್ರೆಶರ್ ಒಂಚೂರು ಬಾಗಿ ಮೇಲೆ ಬರುತ್ತದೆ. ಚಳಿಗಾಲದಲ್ಲಿ ಮೊದಲ ಸಲ ಎಳೆದಾಗ ಏನೂ ಆಗಲೇ ಇಲ್ಲವೇನೋ ಅನ್ನಿಸುತ್ತದೆ, ಹಬ್‌ನಲ್ಲಿ ಆಯಿಲ್ ಗಟ್ಟಿಯಾಗಿರುತ್ತದೆ ಅಲ್ವಾ. ಬಿಸಿ ಆಯಿಲ್ ಒಳಗೆ ಹೋಗುತ್ತಿದ್ದಂತೆ ಮುಂದಿನ ಸಲ ಚುರುಕಾಗುತ್ತದೆ. ಎತ್ತರಕ್ಕೆ ಹೋದ ಮೇಲೆ 2300ಕ್ಕೆ ಇಳಿಸಿ, ನಾಬ್ ಸುತ್ತನ್ನು ಬೆರಳಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ನಡುಕ ಕಡಿಮೆ ಇರುವ ಜಾಗ ಹುಡುಕುತ್ತೇನೆ. ಹೆಂಡತಿ ಪಕ್ಕದಲ್ಲಿದ್ದರೆ ಅವಳಿಗೂ ಗೊತ್ತಾಗುತ್ತದೆ, "ಹಾಂ, ಈಗ ಸರಿ ಹೋಯ್ತು ನೋಡಿ" ಅನ್ನುತ್ತಾಳೆ. ಕೆಲವು ಎಂಜಿನ್ ಮತ್ತು ಪ್ರೊಪೆಲ್ಲರ್ ಜೋಡಿಗಳಿಗೆ ಕಂಪನದ ಕಾರಣ ನಿಲ್ಲಬಾರದ ಆರ್‌ಪಿಎಂ ಪಟ್ಟಿ ಇರುತ್ತದೆ. ನಿಮ್ಮದಕ್ಕೆ ಇದೆಯಾ ಅಂತ ಕೊಳ್ಳುವ ಮೊದಲೇ ನೋಡಿ.

ಇನ್ನು ನನಗೆ ಸಿಟ್ಟು ಬರಿಸುವ ವಿಷಯ: ಗ್ರೀಸ್.

ಬ್ಲೇಡ್ ಬುಡದ ಸೀಲ್‌ನಿಂದ ಗ್ರೀಸ್ ಹೊರಗೆ ಬರುತ್ತದೆ. ಬ್ಲೇಡ್ ಉದ್ದಕ್ಕೂ ಗೆರೆ ಎಳೆಯುತ್ತದೆ, ಎಂಜಿನ್ ಮುಚ್ಚುವ ಕೌಲಿಂಗ್ ಮೇಲೆ ಚುಕ್ಕೆ ಚುಕ್ಕೆ, ಕೆಲವು ಸಲ ವಿಂಡ್‌ಶೀಲ್ಡ್ ತನಕ ಬರುತ್ತದೆ. ಹೊಸದರಲ್ಲಿ ಸ್ವಲ್ಪ ಬರುವುದು ಸಹಜ ಅಂತ ಎಲ್ಲರೂ ಹೇಳಿದರು, ಒಪ್ಪಿದೆ. ಆದರೆ ಒಂದು ಬ್ಲೇಡ್ ಆಮೇಲೂ ನಿಲ್ಲಿಸಲಿಲ್ಲ. ಫೋನ್ ಮಾಡಿದರೆ ಶಾಪಿನವರು ಒರೆಸಿಕೊಂಡು ಹಾರಿಸಿ ಅಂದರು. ಕೊನೆಗೆ ಪ್ರೊಪೆಲ್ಲರ್ ಬಿಚ್ಚಿ ಪೆಟ್ಟಿಗೆಯಲ್ಲಿ ಕಳಿಸಿ ಸೀಲ್ ಹಾಕಿಸಬೇಕಾಯಿತು. ಹಾರಲು ಒಳ್ಳೆಯ ದಿನಗಳೆಲ್ಲ ಮೂಗಿಲ್ಲದ ವಿಮಾನ ನೋಡುತ್ತಾ ಹೋದವು. ಫಿಕ್ಸೆಡ್ ಪಿಚ್‌ನಲ್ಲಿ ಈ ತಲೆನೋವೇ ಇಲ್ಲ. ಅದು ಒಂದೇ ತುಂಡು ಲೋಹ, ಬೋಲ್ಟ್ ಬಿಗಿ ನೋಡಿ, ಅಂಚಿನಲ್ಲಿ ಕಲ್ಲೇಟಿನ ಗಾಯ ಇದೆಯಾ ನೋಡಿ, ಮುಗಿಯಿತು.

ವರ್ಷಕ್ಕೊಮ್ಮೆ ಗ್ರೀಸ್ ತುಂಬುವಾಗ ಕೈಯಿಂದ ಒತ್ತುವ ಗ್ರೀಸ್ ಗನ್ ಮಾತ್ರ ಬಳಸಿ. ಪ್ರತಿ ಬ್ಲೇಡಿಗೂ ಗ್ರೀಸ್ ತುಂಬಲು ಎರಡು ನಿಪ್ಪಲ್ ಇರುತ್ತವೆ. ಒಂದನ್ನು ಬಿಚ್ಚಿಟ್ಟು ಇನ್ನೊಂದರಿಂದ ನಿಧಾನವಾಗಿ ತುಂಬಬೇಕು. ಬಿಚ್ಚಿದ ತೂತಿನಿಂದ ಹೊರಗೆ ಬಂದರೆ ನಿಲ್ಲಿಸಿ, ಬರದೇ ಹೋದರೂ ಸುಮಾರು 30 ಎಂಎಲ್‌ಗೆ ನಿಲ್ಲಿಸಿ. ಬಿಚ್ಚದೆ ಒತ್ತಿದರೆ ಸೀಲ್ ಹೋಗುತ್ತದೆ.

ಖರ್ಚು ಹೇಳಬೇಕು. ಪ್ರೊಪೆಲ್ಲರ್, ಗವರ್ನರ್, ಸ್ಪಿನ್ನರ್, ಕೇಬಲ್, ಆಯಿಲ್ ಪೈಪ್ ಎಲ್ಲ ಸೇರಿ ನನಗೆ 12,000 ಡಾಲರ್ ಹತ್ತಿರ ಬಂತು. ಹಳೆಯದನ್ನು ಮಾರಿದ್ದರಿಂದ ಸ್ವಲ್ಪ ಹೊರೆ ಇಳಿಯಿತು. ಖರ್ಚು ಅಲ್ಲಿಗೇ ನಿಲ್ಲುವುದಿಲ್ಲ. ನನ್ನ ಮಾದರಿಗೆ 2400 ಗಂಟೆ ಅಥವಾ 6 ವರ್ಷ, ಯಾವುದು ಮೊದಲೋ ಅದಕ್ಕೆ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಿ ಅನ್ನುತ್ತಾರೆ. ವಾರಾಂತ್ಯಕ್ಕೆ ಹಾರುವ ನಮ್ಮಂಥವರಿಗೆ 2400 ಗಂಟೆ ಕನಸಿನ ಮಾತು, ವರ್ಷಗಳೇ ಮೊದಲು ಮುಗಿಯುತ್ತವೆ. ಖಾಸಗಿಯಾಗಿ ಹಾರಿಸುವವರಿಗೆ ಇದು ಕಡ್ಡಾಯ ಅಲ್ಲ. ಆದರೂ ಹಬ್ ಒಳಗೆ ಸೀಲ್ ಒಣಗಿದೆಯಾ, ತುಕ್ಕು ಹಿಡಿದಿದೆಯಾ ಹೊರಗಿಂದ ಕಾಣುವುದಿಲ್ಲ. ನಾನು ಮಾಡಿಸುವವನೇ, ಅದಕ್ಕೆ ದುಡ್ಡು ಬೇರೆ ಎತ್ತಿಡುತ್ತಿದ್ದೇನೆ.

ಮೂಗಿನ ತೂಕವೂ ಹೆಚ್ಚಾಯಿತು. ಹಿಂದೆ ಸಾಮಾನು ತುಂಬಿ ಇಬ್ಬರು ಹೋಗುವಾಗ ಅದು ಒಳ್ಳೆಯದೇ. ಒಬ್ಬನೇ ಹಾರುವಾಗ ಇಳಿಯುವ ಹೊತ್ತಿಗೆ ಸ್ಟಿಕ್ ಜಾಸ್ತಿ ಎಳೆಯಬೇಕು. ಆರ್‌ವಿಯ ಎ ಮಾದರಿಗಳಲ್ಲಿ ಮುಂದಿನ ಚಕ್ರದ ಕಾಲು ಸೂಕ್ಷ್ಮ. ಹುಲ್ಲಿನ ರನ್‌ವೇಯಲ್ಲಿ ಸ್ಟಿಕ್ ಹೊಟ್ಟೆಗೆ ತಾಗಿಸಿಕೊಂಡೇ ಇರುತ್ತೇನೆ.

ಕಾಗದದ ಕೆಲಸ ಅಂದುಕೊಂಡಷ್ಟು ಇಲ್ಲ. ಇದು ದೊಡ್ಡ ಬದಲಾವಣೆ ಅಂತ ಲೆಕ್ಕ. ವಿಮಾನಯಾನ ನಿಯಂತ್ರಿಸುವ ಎಫ್‌ಎಎಯ ಸ್ಥಳೀಯ ಕಚೇರಿಗೆ ತಿಳಿಸಿ, ತೂಕ ಮತ್ತು ಬ್ಯಾಲೆನ್ಸ್ ಹೊಸದಾಗಿ ಮಾಡಿ, ಕನಿಷ್ಠ 5 ಗಂಟೆ ಮತ್ತೆ ಪರೀಕ್ಷಾ ಹಾರಾಟ ನಡೆಸಿ ಲಾಗ್‌ಬುಕ್‌ನಲ್ಲಿ ಬರೆದೆ. ಆ ಗಂಟೆಗಳಲ್ಲೇ ಡೈನಮಿಕ್ ಬ್ಯಾಲೆನ್ಸಿಂಗ್ ಮಾಡಿಸಿಕೊಂಡೆ. ದಯವಿಟ್ಟು ಇದನ್ನು ಬಿಡಬೇಡಿ. ಬ್ಲೇಡಿಗೆ ಮಿಂಚುವ ಟೇಪು ಅಂಟಿಸಿ, ಎಂಜಿನ್ ಮೇಲೆ ಸೆನ್ಸರ್ ಇಟ್ಟು, ಎಲ್ಲಿ ಎಷ್ಟು ಗ್ರಾಂ ತೂಕ ಹಾಕಬೇಕು ಅಂತ ಹೇಳುತ್ತಾರೆ. ಅದಾದ ಮೇಲೆ ಕಾಲಿನ ಪೆಡಲ್‌ಗೆ ಬರುತ್ತಿದ್ದ ನಡುಕ ಹೋಯಿತು.

ನಿಮ್ಮ ಹಾರಾಟವೆಲ್ಲ ಸಮುದ್ರ ಮಟ್ಟದ ಉದ್ದ ರನ್‌ವೇಗಳಲ್ಲಿ, ಹೆಚ್ಚಾಗಿ ಒಬ್ಬರೇ ಅಂದರೆ ಇದು ಬೇಡ, ಆ ದುಡ್ಡಲ್ಲಿ ಪೆಟ್ರೋಲ್ ಹಾಕಿ ಹಾರಿ. ಪ್ರಯಾಣದ ವೇಗ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಬೆಟ್ಟದ ಊರು, ಸಣ್ಣ ರನ್‌ವೇ, ಜೊತೆಗೊಬ್ಬರು ಇದ್ದರೆ ಹಾಕಿ.

ಈಗ ಕಟ್ಟುತ್ತಿರುವವರು ಹಳೆ ಎಂಜಿನ್ ಕೊಳ್ಳುವಾಗ ಕ್ರ್ಯಾಂಕ್‌ಶಾಫ್ಟ್ ಟೊಳ್ಳಾಗಿದೆಯಾ, ಗವರ್ನರ್ ಕೂರುವ ಜಾಗ ಇದೆಯಾ ಕೇಳಿ. ಓ-360 ಎ4ಎ ಥರದ ಗಟ್ಟಿ ಶಾಫ್ಟ್ ಆದರೆ ಈ ದಾರಿ ಮುಚ್ಚಿತು. ಟೊಳ್ಳು ಶಾಫ್ಟ್ ಇದ್ದರೂ ಫಿಕ್ಸೆಡ್ ಪಿಚ್‌ಗಾಗಿ ಅದರ ಒಳಗಿನ ಹಿಂದಿನ ಪ್ಲಗ್‌ಗೆ ತೂತು ಮಾಡಿರುತ್ತಾರೆ. ಬದಲಾಯಿಸುವಾಗ ಮುಂದಿನ ಪ್ಲಗ್ ತೆಗೆದು, ಹಿಂದೆ ತೂತಿಲ್ಲದ ಹೊಸ ಪ್ಲಗ್ ಕೂರಿಸಬೇಕು, ಇಲ್ಲದಿದ್ದರೆ ಹಬ್‌ನಲ್ಲಿ ಒತ್ತಡವೇ ನಿಲ್ಲುವುದಿಲ್ಲ. ನೀಲಿ ನಾಬ್‌ಗೆ ಪ್ಯಾನೆಲ್‌ನಲ್ಲಿ, ಕೇಬಲ್‌ಗೆ ಎಂಜಿನ್ ಹಿಂದಿನ ಗೋಡೆಯಾದ ಫೈರ್‌ವಾಲ್‌ನಲ್ಲಿ ಈಗಲೇ ಜಾಗ ಬಿಡಿ. ಎಲ್ಲ ಜೋಡಿಸಿದ ಮೇಲೆ ಫೈರ್‌ವಾಲ್ ಹಿಂದೆ ತಲೆ ತೂರಿಸಿ ತೂತು ಕೊರೆಯುವುದು ತುಂಬಾ ಕಷ್ಟದ ಕೆಲಸ.